ಗೋಧಿ ಒಲ್ಲದವರಿಗೆ ಖಾನಾವಳಿಯ ತಟ್ಟೆ

ಹೊನ್ನಾಳಿಯಲ್ಲಾಗಲಿ ಜಗಳೂರಿನಲ್ಲಾಗಲಿ ಮಧ್ಯಾಹ್ನದ ಹೊತ್ತು ಖಾನಾವಳಿಗೆ ಹೋಗಿ ಕೂತರೆ ಮೊದಲು ನೀರಿನ ಲೋಟ ಬರುತ್ತದೆ, ಅದರ ಹಿಂದೆಯೇ ಒಂದು ಪ್ರಶ್ನೆ: ‘ರೊಟ್ಟಿ ಹಾಕ್ಲಾ, ಚಪಾತಿ ಹಾಕ್ಲಾ?’ ಕೇಳುವವರು ದಿನಕ್ಕೆ ಎಷ್ಟು ಸಲ ಕೇಳುತ್ತಾರೋ ಲೆಕ್ಕವಿಲ್ಲ. ಉಣ್ಣಲು ಬಂದವರೂ ಯೋಚಿಸುವುದಿಲ್ಲ. ಹಲ್ಲು ಗಟ್ಟಿ ಇದ್ದವರು ರೊಟ್ಟಿ ಅನ್ನುತ್ತಾರೆ, ವಯಸ್ಸಾದವರು ಮೆತ್ತಗಿರಲಿ ಎಂದು ಚಪಾತಿ ಹಾಕಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಈ ಪ್ರಶ್ನೆಗೆ ಒಂದೇ ಉತ್ತರ. ಚಪಾತಿ ಅವರ ತಟ್ಟೆಗೆ ಬೀಳುವಂತಿಲ್ಲ, ಚಪಾತಿ ಬೆಂದ ಹಂಚಿನ ಮೇಲೆ ಅವರ ರೊಟ್ಟಿ ಬೇಯುವಂತೆಯೂ ಇಲ್ಲ.

ಅವರಿಗಿರುವ ಕಾಯಿಲೆಗೆ ವೈದ್ಯರು ಸೀಲಿಯಾಕ್ ಅನ್ನುತ್ತಾರೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಕಲಸಿದ ಚಪಾತಿ ಹಿಟ್ಟನ್ನು ಎಳೆದರೆ ಹರಿಯದೆ ಹಿಗ್ಗುವುದು ಅದರಿಂದಲೇ. ಸೀಲಿಯಾಕ್ ಇರುವವರ ದೇಹ ಇದನ್ನು ಶತ್ರು ಎಂದು ಬಗೆದು ತನ್ನ ಸಣ್ಣಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರದ ಸಾರ ಹೀರಲು ಇರುವ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ, ಹೊಟ್ಟೆಯುಬ್ಬರ, ಎಷ್ಟು ಗುಳಿಗೆ ನುಂಗಿದರೂ ಏರದ ರಕ್ತ, ಎತ್ತರ ಬೆಳೆಯದ ಮಕ್ಕಳು. ಹೀಗೆ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ ಹಿಡಿಯುವುದೂ ತಡ. ಇದನ್ನು ಗೋಧಿಯ ಜೊತೆ ಗಟ್ಟಿಯಾಗಿ ಜೋಡಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಅವರಿಗೆ ಮೊದಲೇ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡೇ ಸಿಗದಂತಾದಾಗ ಊರೆಲ್ಲ ಹಸಿದಿದ್ದರೂ ಈ ಕಾಯಿಲೆಯ ಮಕ್ಕಳು ಸುಧಾರಿಸಿಕೊಂಡದ್ದು ಅನುಮಾನವನ್ನು ಬಲಪಡಿಸಿತು. 1950ರಲ್ಲಿ ಅವರ ಪ್ರಬಂಧ ಬಂತು. ಅಂದಿನಿಂದ ಇಂದಿನವರೆಗೂ ಚಿಕಿತ್ಸೆ ಒಂದೇ: ಗ್ಲುಟೆನ್ ಇರುವ ಧಾನ್ಯವನ್ನು ಜೀವಮಾನವಿಡೀ ಬಿಡುವುದು.

ನಮ್ಮ ಕಡೆ ಇದು ಅಪರೂಪ ಎಂಬ ಮಾತು ಸುಳ್ಳಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳಿದ್ದವು, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ಕಾಯಿಲೆಗೆ ಎಡೆಮಾಡಿಕೊಡುವ ವಂಶವಾಹಿಗಳೋ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಗೋಧಿ ತಿನ್ನುವ ಪ್ರಮಾಣ ಮಾತ್ರ ಬೇರೆ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ, ಈಶಾನ್ಯದವರು 37, ದಕ್ಷಿಣದವರು 25. ಈಶಾನ್ಯದ ಅಂಕಿ ನೋಡಿದರೆ ಗೋಧಿಯೊಂದೇ ಕಾರಣ ಅನ್ನಲಾಗದು. ಆದರೂ ಆ 25 ಗ್ರಾಂ ನನ್ನನ್ನು ಕಾಡುತ್ತದೆ. ಚನ್ನಗಿರಿಯ ಬಸ್ ನಿಲ್ದಾಣದ ಸುತ್ತ ಸಂಜೆ ಒಂದು ಸುತ್ತು ಹಾಕಿ: ಪರೋಟ, ಗೋಬಿ, ನೂಡಲ್ಸ್, ಎಗ್ ಪಫ್, ಬನ್ನು, ರಸ್ಕು. ಇವತ್ತು ಅಳೆದರೆ ನಮ್ಮ ಸಣ್ಣ ಪೇಟೆಗಳ ಲೆಕ್ಕ 25 ಗ್ರಾಮಿನಲ್ಲಿ ನಿಲ್ಲುತ್ತದೆ ಎಂದು ನನಗನ್ನಿಸುವುದಿಲ್ಲ. ಸಾವಿರಕ್ಕೆ ಒಬ್ಬರೆಂದು ಹಿಡಿದರೂ ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ನೂರಾರು ಜನ ಆಗುತ್ತಾರೆ. ಅವರಲ್ಲಿ ಬಹಳಷ್ಟು ಮಂದಿಗೆ ತಮಗೇನಾಗಿದೆ ಎಂದು ಗೊತ್ತಿರಲಿಕ್ಕಿಲ್ಲ.

ನನ್ನ ತಂಗಿಯ ಮಗಳು ಅಂಥವರಲ್ಲಿ ಒಬ್ಬಳಾಗಿದ್ದಳು. ಹೈಸ್ಕೂಲು ಮುಗಿಯುವವರೆಗೂ ಅವಳಿಗೆ ರಕ್ತಹೀನತೆ ಎಂದೇ ಔಷಧಿ ನಡೆಯಿತು. ಸುಸ್ತಾದವರಿಗೆ ನಾವೆಲ್ಲ ಏನು ಕೊಡುತ್ತೇವೆ ನೆನಪಿಸಿಕೊಳ್ಳಿ. ಆಸ್ಪತ್ರೆಗೆ ನೋಡಲು ಹೋಗುವಾಗ ಬ್ರೆಡ್ಡಿನ ಪೊಟ್ಟಣ. ಜ್ವರ ಬಿಟ್ಟ ಮೇಲೆ ಹಾಲಿಗದ್ದಿದ ರಸ್ಕು. ಹೊಟ್ಟೆ ಸರಿಯಿಲ್ಲದಿದ್ದರೆ ಬಾರ್ಲಿ ನೀರು. ಶಕ್ತಿ ಬರಲೆಂದು ಮಾಲ್ಟಿನ ಪುಡಿ. ಒಂದೊಂದರಲ್ಲೂ ಗೋಧಿ ಅಥವಾ ಬಾರ್ಲಿ. ಪ್ರೀತಿಯಿಂದ ಕೊಟ್ಟದ್ದೇ ಆ ಹುಡುಗಿಯ ಕರುಳನ್ನು ಸುಡುತ್ತಿತ್ತು. ಕೊನೆಗೆ ಟಿಟಿಜಿ ಎಂಬ ರಕ್ತಪರೀಕ್ಷೆ, ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಆಗಿ ವಿಷಯ ತಿಳಿಯಿತು. ಅನುಮಾನ ಬಂದವರಿಗೆ ಇಲ್ಲೊಂದು ಮಾತು ಹೇಳಲೇಬೇಕು: ಪರೀಕ್ಷೆಗೆ ಮುಂಚೆ ನೀವಾಗಿಯೇ ಗೋಧಿ ಬಿಡಬೇಡಿ. ಬಿಟ್ಟರೆ ಕರುಳು ಚೇತರಿಸಿಕೊಳ್ಳತೊಡಗಿ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬರಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ.

ಪಥ್ಯ ಎಂದ ಕೂಡಲೇ ಮನೆಯವರು ಹೆದರಿದರು. ಬೆಂಗಳೂರಿನಿಂದ ತರಿಸಬೇಕಾದ ದುಬಾರಿ ಪೊಟ್ಟಣಗಳು ಕಣ್ಣಮುಂದೆ ಬಂದವು. ಆದರೆ ನಮ್ಮ ಸೀಮೆಯ ಊಟ ಯಾವುದೆಂದು ಒಂದು ಗಳಿಗೆ ಯೋಚಿಸಿ. ಭದ್ರಾ ಕಾಲುವೆ ಹರಿಯುವ ಚನ್ನಗಿರಿ, ಹೊನ್ನಾಳಿಯ ಊರುಗಳಲ್ಲಿ ಭತ್ತವಿದೆ. ಅನ್ನ, ಅಕ್ಕಿ ರೊಟ್ಟಿ, ಮಂಡಕ್ಕಿ ಅಲ್ಲಿನ ನಿತ್ಯದ ಮಾತು. ಹೊನ್ನಾಳಿಯಿಂದ ಬೇರೆಯಾಗಿ ಇತ್ತೀಚೆಗೆ ತಾಲ್ಲೂಕಾದ ನ್ಯಾಮತಿಯಲ್ಲಿ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪವಿದೆ. ಸುತ್ತಲ ತಾಂಡಾಗಳಲ್ಲಿ ಹೆಣ್ಣುಮಕ್ಕಳು ತಟ್ಟುವ ಬಾಟಿ ಜೋಳದ್ದು. ಕೊಂಡುಕುರಿಗಳ ರಂಗಯ್ಯನದುರ್ಗ ಕಾಡಿರುವ, ಮಳೆ ಕೈಕೊಡುವ ಜಗಳೂರಿನಲ್ಲಿ ರಾಗಿ ಮುದ್ದೆ, ನವಣೆ, ಜೋಳ, ಶೇಂಗಾ. ಜಿಲ್ಲಾ ಕೇಂದ್ರಕ್ಕೆ ಹೋದರೆ ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಬೆಣ್ಣೆ ದೋಸೆ, ಕಡಲೆಹಿಟ್ಟಿನ ಮಿರ್ಚಿ, ನರ್ಗಿಸ್ ಮಂಡಕ್ಕಿ. ಆ ಬೆಣ್ಣೆ ದೋಸೆಯ ಮೂಲವೂ ಒಂದು ಕುಟುಂಬದ ಪುಟ್ಟ ಅಂಗಡಿಯೇ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ಮೊದಲು ಹುಯ್ದದ್ದು ರಾಗಿ ದೋಸೆ ಎಂದು ದಾವಣಗೆರೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಗೋಧಿಯೇ ಇಲ್ಲದ ಊಟವನ್ನು ನಾವು ತಲೆಮಾರುಗಳಿಂದ ಉಂಡಿದ್ದೇವೆ. ಅದಕ್ಕೊಂದು ಹೆಸರಿಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೆ.

ಹಾಗಾದರೆ ಸುಲಭವೇ? ಅಲ್ಲಿಯೇ ಇರುವುದು ತೊಡಕು. ತಟ್ಟೆಯಲ್ಲಿ ಕಾಣುವ ಗೋಧಿಯನ್ನು ಬಿಡುವುದು ಸುಲಭ, ಕಾಣದ್ದನ್ನು ಹಿಡಿಯುವುದು ಕಷ್ಟ.

ಗಿರಣಿಯಿಂದಲೇ ಶುರು ಮಾಡೋಣ. ಬೆಳಗ್ಗೆ ಹತ್ತು ಗಂಟೆಗೆ ಯಾವ ಊರಿನ ಹಿಟ್ಟಿನ ಗಿರಣಿಗೆ ಹೋದರೂ ಡಬ್ಬಿ, ಚೀಲಗಳ ಸಾಲು. ಗೋಧಿ, ಜೋಳ, ರಾಗಿ, ಕಡಲೆಬೇಳೆ, ಮತ್ತೆ ಗೋಧಿ. ಗಿರಣಿಯಣ್ಣ ಒಂದನ್ನು ಬಾಯಿಗೆ ಸುರಿದು, ಕೆಳಗೆ ಇಳಿಬಿಟ್ಟ ಬಟ್ಟೆಯ ಚೀಲವನ್ನು ಎರಡು ಸಲ ಕೊಡವಿ, ಮುಂದಿನದನ್ನು ಸುರಿಯುತ್ತಾನೆ. ಕಲ್ಲಿನ ಸಂದಿಯಲ್ಲಿ, ಬಟ್ಟೆಯ ನೂಲಿನಲ್ಲಿ ಹಿಂದಿನವರ ಹಿಟ್ಟು ಉಳಿದೇ ಉಳಿಯುತ್ತದೆ. ಇದು ನಮ್ಮ ಹೆಂಗಸರಿಗೆ ಗೊತ್ತಿಲ್ಲದ್ದೇನೂ ಅಲ್ಲ. ‘ರಾಗಿ ಹಿಂದೆ ಹಾಕಬೇಡಣ್ಣ, ರೊಟ್ಟಿ ಕಪ್ಪಾಗ್ತಾವೆ’ ಎಂದು ಜಗಳವಾಡಿ ಸರದಿ ಬಿಟ್ಟುಕೊಡುವವರನ್ನು ನಾನು ನೋಡಿದ್ದೇನೆ. ಗೋಧಿಯ ಹಿಂದೆ ಬೇಡ ಎಂದವರನ್ನು ನೋಡಿಲ್ಲ. ಅದು ಬೆಳ್ಳಗಿದೆ, ಜೋಳದಲ್ಲಿ ಬೆರೆತರೆ ಕಣ್ಣಿಗೆ ಬೀಳುವುದಿಲ್ಲ. ರೊಟ್ಟಿ ಚೆನ್ನಾಗಿಯೇ ಏಳುತ್ತದೆ. ಆದರೆ ಗ್ಲುಟೆನ್ ಇಲ್ಲ ಎಂದು ಚೀಟಿ ಅಂಟಿಸಲು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕೆಜಿಗೆ 20 ಮಿಲಿಗ್ರಾಂ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತರಲ್ಲೊಂದು ಭಾಗ ಗ್ಲುಟೆನ್ ಎಂದು ಹಿಡಿದರೆ, ಒಂದು ಕೆಜಿ ಜೋಳದ ಹಿಟ್ಟಿಗೆ ಒಂದು ಚಿಟಿಕೆ ಗೋಧಿ ಹಿಟ್ಟು ಸೇರಿದರೂ ಮಿತಿ ದಾಟಿತು.

ನನ್ನ ತಂಗಿ ಇದಕ್ಕೆ ದಾರಿ ಕಂಡುಕೊಂಡಳು. ಬೆಳಗ್ಗೆ ಗಿರಣಿಯ ಬಾಗಿಲು ತೆಗೆಯುವ ಹೊತ್ತಿಗೇ ಹೋಗುತ್ತಾಳೆ. ಮೊದಲು ಒಂದಿಷ್ಟು ಜೋಳ ಓಡಿಸಿ ಆ ಹಿಟ್ಟನ್ನು ಉಳಿದವರ ರೊಟ್ಟಿಗೆ ಬೇರೆ ಇಡುತ್ತಾಳೆ. ಬಟ್ಟೆಯ ಚೀಲ ಅವಳದೇ, ಮನೆಯಲ್ಲಿ ಹೊಲಿದದ್ದು. ಆಮೇಲೆ ಬಂದ ಹಿಟ್ಟು ಮಗಳಿಗೆ. ಗಿರಣಿಯವರು ಮೊದಮೊದಲು ಮಡಿವಂತಿಕೆ ಎಂದುಕೊಂಡರಂತೆ. ವಿಷಯ ತಿಳಿಸಿದ ಮೇಲೆ ತಾವೇ ಫೋನು ಮಾಡಿ ‘ಇವತ್ತು ಗೋಧಿ ಶುರು ಮಾಡಿಲ್ಲ, ಬರ್ರಿ’ ಅನ್ನುತ್ತಾರೆ. ಮನೆಯಲ್ಲೇ ಇಡುವ ಸಣ್ಣ ಗಿರಣಿ ಕೊಳ್ಳುವ ಶಕ್ತಿ ಇದ್ದವರಿಗೆ ಇಷ್ಟು ಪಾಡಿಲ್ಲ.

ಎರಡನೆಯದು ಇಂಗು. ಒಗ್ಗರಣೆಗೆ ಬೀಳುವ ಡಬ್ಬಿಯ ಇಂಗು ಶುದ್ಧ ಇಂಗಲ್ಲ. ಆ ಖಾರವಾದ ಅಂಟನ್ನು ಹಿಟ್ಟಿನಲ್ಲಿ ಕಲಸಿ ಮಾಡಿದ್ದು. ಎಷ್ಟೋ ಕಂಪನಿಗಳಲ್ಲಿ ಆ ಹಿಟ್ಟು ಗೋಧಿಯದೋ ಮೈದಾದ್ದೋ ಆಗಿರುತ್ತದೆ. ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರ ಓದಿದರೆ ತಿಳಿಯುತ್ತದೆ. ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತರಬೇಕು. ಮೂರನೆಯದು ಬಾಣಲೆಯ ಎಣ್ಣೆ. ಕಡಲೆಹಿಟ್ಟಿನ ಮಿರ್ಚಿ ತಾನಾಗಿ ನಿರಪರಾಧಿ; ಅದೇ ಎಣ್ಣೆಯಲ್ಲಿ ಮೈದಾದ ಬೋಂಡಾ, ಗೋಬಿ ಕರಿದಿದ್ದರೆ ಅದೂ ಕೆಟ್ಟಿತು. ದೋಸೆ ಗರಿಗರಿಯಾಗಲೆಂದು ಕೆಲವರು ಹಿಟ್ಟಿಗೆ ಮೈದಾ, ರವೆ ಬೆರೆಸುತ್ತಾರೆ. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಉಪ್ಪಿಟ್ಟು, ಕೇಸರಿಬಾತು, ಶಾವಿಗೆ, ಹೋಳಿಗೆ ಹೇಗೂ ದೂರ.

ಇವೆಲ್ಲಕ್ಕಿಂತ ಕಠಿಣವಾದದ್ದು ಪಂಕ್ತಿ. ಜಾತ್ರೆಯಲ್ಲಿ, ಮಠದ ದಾಸೋಹದಲ್ಲಿ ಬಿಸಿ ಗೋಧಿ ಹುಗ್ಗಿ ಬಡಿಸುತ್ತ ಬರುವ ಹಿರಿಯರ ಮುಂದೆ ಎಲೆಗೆ ಅಡ್ಡ ಕೈ ಇಡುವುದು ಹದಿನೆಂಟರ ಹುಡುಗಿಗೆ ಎಷ್ಟು ಕಷ್ಟ ಎಂಬುದನ್ನು ನಾನು ಪಕ್ಕದಲ್ಲೇ ಕೂತು ಕಂಡಿದ್ದೇನೆ. ‘ಪ್ರಸಾದ ಬ್ಯಾಡ ಅನಬಾರದವ್ವಾ, ಒಂದು ತುತ್ತು ತಗೋ’ ಅನ್ನುತ್ತಾರೆ. ಅವರ ಮಾತಿನಲ್ಲಿ ಪ್ರೀತಿಯೇ ಇರುತ್ತದೆ. ಆ ಒಂದು ತುತ್ತು ಅವಳಿಗೆ ಆಗದು. ಸಕ್ಕರೆ ಕಾಯಿಲೆಯವರು ಸಿಹಿ ಬೇಡವೆಂದರೆ ಈಗ ಯಾರೂ ಒತ್ತಾಯ ಮಾಡುವುದಿಲ್ಲ. ಆ ತಿಳಿವಳಿಕೆ ಬರಲು ಕಾಲ ಹಿಡಿಯಿತು. ಇದಕ್ಕೂ ಅಷ್ಟೇ ತಿಳಿವಳಿಕೆ ಬೇಕು, ಆದಷ್ಟು ಬೇಗ.

ಖಾನಾವಳಿಯ ಮೇಲೆ ನನಗೆ ಭರವಸೆ ಹುಟ್ಟಿದ್ದು ಇದೇ ಕಾರಣಕ್ಕೆ. ದೊಡ್ಡ ಹೋಟೆಲಿನಲ್ಲಿ ನೀವು ಕೇಳುವುದು ಸಪ್ಲೈಯರನ್ನು, ಅಡುಗೆ ಮಾಡುವವರು ಒಳಗೆಲ್ಲೋ ಇರುತ್ತಾರೆ, ಸಾರಿಗೆ ಯಾವ ಇಂಗು ಬಿತ್ತು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಕುಟುಂಬದವರು ನಡೆಸುವ ಖಾನಾವಳಿಯಲ್ಲಿ ಹೆಂಡತಿ ಒಲೆಯ ಮುಂದೆ, ಗಂಡ ಗಲ್ಲದಲ್ಲಿ, ಅತ್ತೆ ಕಾಳು ಬಿಡಿಸುತ್ತ, ಮಗ ನೀರು ಕೊಡುತ್ತ. ಗಿರಣಿಗೆ ಜೋಳ ಕಳಿಸಿದವರು, ರೊಟ್ಟಿ ತಟ್ಟುವವರು, ಬಡಿಸುವವರು ಒಂದೇ ಮನೆಯವರು. ಕೇಳಿದರೆ ಉತ್ತರ ಸಿಗುತ್ತದೆ.

ನ್ಯಾಮತಿಯ ಇಂಥದೊಂದು ಖಾನಾವಳಿಯಲ್ಲಿ ನಮ್ಮ ಹುಡುಗಿ ಒಳಗೆ ಇಣುಕಿ ಕೇಳಿದಳು: ‘ಅಕ್ಕಾ, ಗೋಧಿ ಆಗಿಬರಲ್ಲ ನನಗೆ. ರೊಟ್ಟಿಗೆ ಬೇರೆ ಹಂಚು ಇದೆಯಾ?’

‘ಯಾಕವ್ವಾ, ಅಲರ್ಜೀನಾ?’

‘ಹೂಂ ಅಕ್ಕಾ, ಒಂಚೂರು ಹಿಟ್ಟು ಬಿದ್ರೂ ಹೊಟ್ಟೆ ಕೆಡುತ್ತೆ.’

‘ಹಂಚು ಒಂದೇ ಐತಿ. ಚಪಾತಿ ಇನ್ನೂ ಶುರು ಮಾಡಿಲ್ಲ, ತೊಳದು ನಿಂದೇ ಮೊದ್ಲು ತಟ್ತೀನಿ. ಕೂತ್ಕೋ.’

ಆಕೆ ಅಷ್ಟಕ್ಕೇ ಬಿಡಲಿಲ್ಲ. ರೊಟ್ಟಿಯ ಮೇಲೆ ನೀರು ಸವರುವ ಬಟ್ಟೆಯನ್ನು ಬದಲಾಯಿಸಿದರು. ಚಪಾತಿ ಕೈ ಒರೆಸಿದ ಬಟ್ಟೆ ಅದು ಎಂದು ಅವರಿಗೇ ಹೊಳೆಯಿತು. ಇಂಗಿನ ಡಬ್ಬಿ ತಂದು ‘ಓದವ್ವಾ ನೀನೇ’ ಎಂದು ಕೈಗಿಟ್ಟರು. ಅದರಲ್ಲಿ ಗೋಧಿ ಹಿಟ್ಟು ಎಂದೇ ಬರೆದಿತ್ತು. ಹಾಗಾಗಿ ಅವತ್ತು ಸಾರು ಬಿಟ್ಟು ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು, ಅನ್ನದಲ್ಲಿ ಊಟವಾಯಿತು. ಹೊಟ್ಟೆತುಂಬ ಉಂಡಳು. ಹನ್ನೆರಡೂವರೆಗೆ ಮುಂಚೆ ಹೋಗಬೇಕು, ಚಪಾತಿ ಹಂಚಿಗೆ ಬೀಳುವ ಮೊದಲು: ಇದು ಈಗ ಅವಳ ನಿಯಮ.

ಸಾವಿರಾರು ಮೈಲಿ ಆಚೆ ಮೆಕ್ಸಿಕೊದಲ್ಲೂ ಇಂಥವೇ ಊಟದ ಮನೆಗಳಿವೆ. ಫೋಂಡಾ ಅನ್ನುತ್ತಾರೆ. ಒಂದು ಕುಟುಂಬ, ನಾಲ್ಕಾರು ಮೇಜು, ಮಧ್ಯಾಹ್ನಕ್ಕೆ ಗೊತ್ತಾದ ಊಟ. ಅಲ್ಲಿನ ರೊಟ್ಟಿ ಟೋರ್ಟಿಯಾ; ಅದನ್ನು ಬೇಯಿಸುವ ಕೋಮಾಲ್ ಮಣ್ಣಿನದೋ ಕಬ್ಬಿಣದೋ ಆದ ಚಪ್ಪಟೆ ಹಂಚು. ಮೆಕ್ಸಿಕೊದ ಹೆಚ್ಚಿನ ಭಾಗದಲ್ಲಿ ಟೋರ್ಟಿಯಾ ಮೆಕ್ಕೆಜೋಳದ್ದು. ಗೋಧಿಯನ್ನು 16ನೇ ಶತಮಾನದಲ್ಲಿ ಸ್ಪೇನಿನವರು ತಂದರು. ಉತ್ತರದ ಸೊನೋರಾದಂಥ ಕಡೆ ಗೋಧಿ ಟೋರ್ಟಿಯಾ ಬೇರೂರಿತು. ಅಮೆರಿಕಕ್ಕೆ ಓದಲು, ದುಡಿಯಲು ಹೋದ ನಮ್ಮ ಹುಡುಗರು ತಿನ್ನುವ ಬರಿಟೊ ಈ ಗೋಧಿ ಕವಲಿನದು. ಸೀಲಿಯಾಕ್ ಇರುವವರು ಅಲ್ಲಿನ ಕುಟುಂಬದ ಹೋಟೆಲುಗಳಲ್ಲಿ ಕೇಳಬೇಕಾದ್ದೂ ನ್ಯಾಮತಿಯಲ್ಲಿ ಕೇಳಿದ್ದನ್ನೇ: ಹಿಟ್ಟು ಯಾವುದು, ಗೋಧಿ ಟೋರ್ಟಿಯಾ ಬೇಯಿಸಿದ ಹಂಚೇ ಇದಕ್ಕೂ ಬಳಕೆಯೇ, ಕರಿದ ಎಣ್ಣೆಯಲ್ಲಿ ಬೇರೇನು ಬಿದ್ದಿದೆ, ಗಟ್ಟಿ ಗೊಜ್ಜಿಗೆ ಬ್ರೆಡ್ಡು ಅರೆದು ಸೇರಿಸಿದ್ದೀರಾ. ಆ ಊಟದ ಮನೆಯ ಇನ್ನುಳಿದ ಸಾಮಾನು ನಮಗೆ ಪರಕೀಯವೇನಲ್ಲ. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಮೆಕ್ಸಿಕೊದವರು, ಟೊಮೆಟೊ, ಹುರುಳಿಕಾಯಿ ಎಂದು ನಾವು ಕರೆಯುವ ಬೀನ್ಸು ಬಂದದ್ದೂ ಅಮೆರಿಕ ಖಂಡಗಳಿಂದ.

ಮೆಕ್ಕೆಜೋಳವನ್ನಂತೂ ಕೇಳುವುದೇ ಬೇಡ. ನೈರುತ್ಯ ಮೆಕ್ಸಿಕೊದ ಬಾಲ್ಸಾಸ್ ನದೀಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಒಕ್ಕಲುಮಕ್ಕಳು ಪಳಗಿಸಿ ಮಾಡಿದ ಬೆಳೆ ಇದು. ನಮ್ಮಲ್ಲಿ 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಎಂಬ ಮೊದಲ ಹೈಬ್ರಿಡ್‌ಗಳು ಬಂದವು. ಮುಂದೆ ಹತ್ತಿ, ಜೋಳ ಬಿತ್ತುತ್ತಿದ್ದ ಹೊಲಗಳಿಗೆ ಮೆಕ್ಕೆಜೋಳ ನುಗ್ಗಿ ದಾವಣಗೆರೆ ರಾಜ್ಯದಲ್ಲಿ ಅದನ್ನು ಹೆಚ್ಚು ಬೆಳೆಯುವ ಜಿಲ್ಲೆಗಳ ಸಾಲಿಗೆ ಸೇರಿತು. ಅದರ ಹಿಂದೆಯೇ ಅಮೆರಿಕದ ಸೈನಿಕ ಹುಳುವೂ ಬಂತು. ದೇಶದಲ್ಲಿ ಅದನ್ನು ಮೊದಲು ಗುರುತಿಸಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಹಾಗೆ ನೋಡಿದರೆ ನಮ್ಮ ದೇಶದ ತಟ್ಟೆಯಲ್ಲಿ ಗೋಧಿ ಹೆಚ್ಚಿಸಿದ ಹಸಿರು ಕ್ರಾಂತಿಯ ಗಿಡ್ಡ ತಳಿಗಳೂ, ಸೊನೋರಾ 64 ಮತ್ತು ಲೆರ್ಮಾ ರೋಹೊ, ಮೆಕ್ಸಿಕೊದಿಂದಲೇ ಬಂದವು. 1966ರಲ್ಲಿ 18,000 ಟನ್ ಬಿತ್ತನೆ ಬೀಜ ಹಡಗಿನಲ್ಲಿ ಬಂದಿತ್ತು.

ಕೊಯ್ಲಿನ ದಿನಗಳಲ್ಲಿ ಚನ್ನಗಿರಿಯಿಂದ ಜಗಳೂರಿನವರೆಗೆ ಓಡಾಡಿದರೆ ರಸ್ತೆಯ ಅರ್ಧಭಾಗ ಹಳದಿ ಕಾಳು ಹರಡಿರುತ್ತದೆ. ಅಷ್ಟೊಂದು ಕಾಳು ಹೋಗುವುದು ಕೋಳಿ ಫೀಡಿಗೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಎಥನಾಲಿಗೆ. ಖಾನಾವಳಿಯ ತಟ್ಟೆಗೆ ಒಂದು ಕಾಳೂ ಬರುವುದಿಲ್ಲ. ಎಳೆ ತೆನೆಯನ್ನು ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ನಿಂಬೆಹುಳಿ ಹಚ್ಚಿ ತಿನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಹಿರಿಯರನ್ನು ಕೇಳಿದರೆ ಬರಗಾಲದಲ್ಲಿ ತಿಂದ ರೊಟ್ಟಿ, ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಹಳದಿ ಉಪ್ಪಿಟ್ಟು ನೆನೆಸಿಕೊಳ್ಳುತ್ತಾರೆ. ಬಡತನದ ನೆನಪು ಅಂಟಿದ ಧಾನ್ಯ ಯಾರಿಗೂ ಬೇಡವಾಯಿತು. ಮಾಡಿ ನೋಡಿದವರದು ಇನ್ನೊಂದು ದೂರು: ರೊಟ್ಟಿ ತಟ್ಟಲು ಬರುವುದಿಲ್ಲ, ಅಂಚು ಸೀಳುತ್ತದೆ, ತಣ್ಣಗಾದರೆ ಹಲಗೆ.

ದೂರು ನಿಜ. ನಾವು ಕಾಳನ್ನು ತಂದೆವು, ಅದನ್ನು ಉಣ್ಣುವ ಬಗೆಯನ್ನು ತರಲಿಲ್ಲ. ಮೆಕ್ಸಿಕೊದವರು ಟೋರ್ಟಿಯಾಕ್ಕೆ ಒಣ ಕಾಳನ್ನು ನೇರ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿ ಅರೆಯುತ್ತಾರೆ. ಸುಣ್ಣ ಕಾಳಿನ ಮೇಲಿನ ಗಡಸು ಸಿಪ್ಪೆಯನ್ನು ಕರಗಿಸುತ್ತದೆ, ಹಿಟ್ಟಿಗೆ ಕೂಡಿಕೊಳ್ಳುವ ಗುಣ ಕೊಡುತ್ತದೆ, ಕ್ಯಾಲ್ಸಿಯಂ ಸೇರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಕಟ್ಟಿಹಾಕಿಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಬಿಡಿಸುತ್ತದೆ. ಈ ಪದ್ಧತಿ ಬಿಟ್ಟು ಬರೀ ಕಾಳು ಒಯ್ದ ಇಟಲಿ, ಸ್ಪೇನ್, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ ಬಡವರಿಗೆ ಪೆಲಾಗ್ರಾ ಬಂತು. ಚರ್ಮ ಸುಲಿದು, ಭೇದಿಯಾಗಿ, ಬುದ್ಧಿ ಕಲಕಿ ಲಕ್ಷಾಂತರ ಜನ ನರಳಿದರು. ನಮ್ಮ ದಖ್ಖನ್ನಿನ ಜೋಳ ಉಣ್ಣುವ ಬಡವರಲ್ಲಿ ಕಂಡ ಪೆಲಾಗ್ರಾದ ಬಗ್ಗೆ ಹೈದರಾಬಾದಿನ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಬರೆದರು. ಬರೀ ಒಂದೇ ಧಾನ್ಯ ಉಂಡರೆ ಯಾವುದೂ ಸಾಲದು. ಕಾಳು, ಸೊಪ್ಪು, ಮೊಸರು ಜೊತೆಗಿರಬೇಕು.

ಅಡಿಕೆಯ ಚನ್ನಗಿರಿಯಲ್ಲಿ ಸುಣ್ಣಕ್ಕೇನು ಬರ? ಎಲೆ ಅಡಿಕೆ ಹಾಕುವ ಮನೆಗಳಲ್ಲೆಲ್ಲ ಸುಣ್ಣದ ಡಬ್ಬಿ ಇದೆ. ಗೋಡೆಗೆ ಬಳಿಯುವ ಸುಣ್ಣ ಮಾತ್ರ ಕೂಡದು, ತಿನ್ನುವ ಸುಣ್ಣವೇ ಆಗಬೇಕು. ಲೆಕ್ಕ ಹೀಗೆ: ಒಂದು ಕೆಜಿ ಕಾಳಿಗೆ ಒಣ ಸುಣ್ಣವಾದರೆ ಸುಮಾರು ಹತ್ತು ಗ್ರಾಂ, ಎರಡು ಮೂರು ಲೀಟರ್ ನೀರು. ಎಲೆಗೆ ಹಚ್ಚುವ ಹಸಿ ಸುಣ್ಣದಲ್ಲಿ ನೀರೂ ಇರುವುದರಿಂದ ಸ್ವಲ್ಪ ಹೆಚ್ಚು ಬೇಕು. ಬೂಸ್ಟು ಹಿಡಿದ, ಕಪ್ಪಾದ ಕಾಳನ್ನು ಮೊದಲೇ ಆರಿಸಿ ಎಸೆಯಬೇಕು. ಬೂಸ್ಟಿನ ವಿಷ ಬೇಯಿಸಿದ ಮಾತ್ರಕ್ಕೆ ಹೋಗುವುದಿಲ್ಲ.

ತಂಗಿಯ ಮನೆಯಲ್ಲಿ ಇದನ್ನು ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಕುದಿ ಬಂದ ಸ್ವಲ್ಪ ಹೊತ್ತಿಗೆ ಹಳದಿ ಕಾಳು ಕಿತ್ತಳೆ ಬಣ್ಣಕ್ಕೆ ತಿರುಗಿ ನೀರು ಗಂಜಿಯಂತೆ ಮಂದವಾಯಿತು. ಒಲೆಯಿಂದ ಇಳಿಸಿ ಮುಚ್ಚಿಟ್ಟರು. ಬೆಳಗ್ಗೆ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿದರೆ ಸಿಪ್ಪೆ ಲೋಳೆಯಾಗಿ ಜಾರಿ ಬಂತು. ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆದ ಮೇಲೆ ಸುಣ್ಣದ ಘಾಟು ಹೋಗಿ, ಮಳೆ ಬಿದ್ದ ಮಣ್ಣಿನ ಹಾಗೆ ಒಂದು ವಾಸನೆ ಉಳಿಯಿತು. ದೋಸೆ ರುಬ್ಬುವ ಗ್ರೈಂಡರಿಗೇ ನೀರು ಚಿಮುಕಿಸಿ ಹಾಕಿದರು. ಸ್ವಲ್ಪ ಸಡಿಲವಾಯಿತು, ತೆಳು ಬಟ್ಟೆಯ ಮೇಲೆ ಹರಡಿಟ್ಟರೆ ಗಟ್ಟಿಯಾಯಿತು. ತಟ್ಟಿದಾಗ ಅಂಚು ಸೀಳಲಿಲ್ಲ. ಹಂಚಿನ ಮೇಲೆ ಎರಡೂ ಬದಿ ಬೆಂದು ಉಬ್ಬಿತು. ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಸಂಜೆಯ ಹೊತ್ತಿಗೂ ಮಡಚಲು ಬರುತ್ತಿತ್ತು. ಮೆಕ್ಸಿಕೊದವರು ಟೋರ್ಟಿಯಾಕ್ಕೆ ಹೆಚ್ಚಾಗಿ ಬಿಳಿ ಕಾಳು ಬಳಸುತ್ತಾರೆ. ನಮ್ಮದು ಫೀಡಿಗೆಂದು ಬೆಳೆದ ಗಡಸು ಹಳದಿ ಹೈಬ್ರಿಡ್. ಬೇಯಲು ಹೊತ್ತು ಹಿಡಿಯಿತು, ರುಚಿಯಲ್ಲಿ ಸೋಲಲಿಲ್ಲ.

ಗಮನಿಸಿ, ಇದರಲ್ಲಿ ಗಿರಣಿಯೇ ಬರಲಿಲ್ಲ. ಕಾಳನ್ನು ಹಸಿಯಾಗಿ ಅರೆಯುವುದರಿಂದ ಮನೆಯ, ಖಾನಾವಳಿಯ ಗ್ರೈಂಡರೇ ಸಾಕು. ಅಕ್ಕಿ ಉದ್ದು ಬಿಟ್ಟರೆ ಬೇರೇನನ್ನೂ ಕಾಣದ ಕಲ್ಲು ಅದು. ಗೋಧಿಯ ಹಿಂದೆಯೋ ಮುಂದೆಯೋ ಎಂಬ ಚಿಂತೆ, ಬೆಳಗ್ಗೆ ಎದ್ದು ಗಿರಣಿ ಬಾಗಿಲಿಗೆ ಕಾಯುವ ಪಾಡು, ಎರಡೂ ಇಲ್ಲ. ಸೀಲಿಯಾಕ್ ಇರುವವರಿಗೆ ಸುಣ್ಣದ ಮೆಕ್ಕೆಜೋಳ ಜೋಳದ ರೊಟ್ಟಿಗಿಂತಲೂ ನೆಮ್ಮದಿ ಎಂದು ನಾನು ಹೇಳುವುದು ಇದಕ್ಕೇ.

2025–26ರ ಮುಂಗಾರಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇತ್ತು. ಆ ವರ್ಷದ ಕೊಯ್ಲಿಗೆ ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ರಾಜ್ಯದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿಯಬೇಕಾಯಿತು. ಕೊಳ್ಳುವವರು ಫೀಡ್ ಕಂಪನಿ, ಸ್ಟಾರ್ಚ್ ಕಂಪನಿ, ಎಥನಾಲಿನವರು ಎಂದಷ್ಟೇ ಇದ್ದರೆ ಅವರು ಹೇಳಿದ್ದೇ ಬೆಲೆ. ಖಾನಾವಳಿಗಳು ಕೊಳ್ಳುವ ಕಾಳಿನಿಂದ ಮಾರುಕಟ್ಟೆ ಮೇಲೇಳುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಆ ಬೆಂಬಲ ಬೆಲೆಯನ್ನೇ ಕೊಟ್ಟು ತಂದರೂ ಕೆಜಿ ಕಾಳಿಗೆ 24 ರೂಪಾಯಿ, ಅದರಿಂದ ಸುಮಾರು ಒಂದೂವರೆ ಕೆಜಿ ರೊಟ್ಟಿ. ಖಾನಾವಳಿಯವರಿಗೆ ಇದು ನಷ್ಟದ ಬಾಬತ್ತಲ್ಲ. ಊರಿನವರು ತಿನ್ನತೊಡಗಿದರೆ ತಿನ್ನಲು ತಕ್ಕ ತಳಿ ಬೆಳೆಯುವವರೂ ಹುಟ್ಟಿಕೊಳ್ಳುತ್ತಾರೆ, ರಸ್ತೆಯ ಮೇಲೆ ಒಣಗಿಸದೆ ಕಣದಲ್ಲಿ ಒಣಗಿಸುವವರೂ.

ಸುತ್ತಿಟ್ಟ ರೊಟ್ಟಿಗಳಲ್ಲಿ ಒಂದಿಷ್ಟನ್ನು ನಮ್ಮ ಹುಡುಗಿ ನ್ಯಾಮತಿಯ ಖಾನಾವಳಿಯ ಅಕ್ಕನಿಗೆ ಒಯ್ದು ಕೊಟ್ಟಳು. ಅವರು ಅಂಚು ಮುರಿದು ನೋಡಿ, ಮಡಚಿ ನೋಡಿ, ಅತ್ತೆಗೂ ಒಂದು ಚೂರು ಕೊಟ್ಟರು. ಸುಣ್ಣ ಎಷ್ಟು, ಎಷ್ಟು ಹೊತ್ತು ಕುದಿಸಬೇಕು, ಎರಡು ಸೇರಿಗೆ ನೀರೆಷ್ಟು ಎಂದೆಲ್ಲ ಕೇಳಿ ಮಗನ ಕೈಯಲ್ಲಿ ಬರೆಸಿಕೊಂಡರು. ‘ಸೋಮವಾರ ಸಂತೆಗೆ ಮುಂಚೆ ಒಂದು ಸಲ ಮಾಡಿ ನೋಡ್ತೀನಿ. ಇದಕ್ಕೆ ಎಣ್ಣೆಗಾಯಿ ಹೊಂದುತ್ತೇನವ್ವಾ?’ ಎಂದರು. ಹೊಂದುತ್ತದೆ, ಶೇಂಗಾ, ಗುರೆಳ್ಳು ಹಾಕಿ ಗಟ್ಟಿಯಾಗಿ ಮಾಡಿದ್ದಾದರೆ ಇನ್ನೂ ಚೆನ್ನ.